ಕಡಲಿಗಿಳಿಯುವವರ ಬದಲಿ ಡಬ್ಬಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ನಿಂತು ಕಡಲು ತಿಳಿಯಾಗತೊಡಗಿದ ಮೇಲೆ ಕಾಸರಗೋಡಿನ ಓದುಗರಿಂದ ಬಂದ ಪತ್ರಗಳಲ್ಲಿ ಸ್ಕೂಬಾ ಡೈವಿಂಗಿನವೇ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಕಡಲಿನೊಳಗೆ ಮುಳುಗುವ ಹವ್ಯಾಸದವೇ, ಈ ಸಲ ಹೆಚ್ಚು. ಅವುಗಳಲ್ಲಿ ಬಹುಪಾಲು ಪ್ರವಾಸಕ್ಕೆ ಹೊರಡುವಾಗ ಯಾವ ಬದಲಿ ಸಾಮಾನು ಕಟ್ಟಿಕೊಳ್ಳಬೇಕು ಎಂಬುದನ್ನೇ ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಳೆದ ವರ್ಷ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ತರಬೇತಿ ಮುಗಿಸಿದೆ. ಈ ಡಿಸೆಂಬರಿನಲ್ಲಿ ಮೂವರು ಗೆಳೆಯರೊಂದಿಗೆ ಮತ್ತೆ ಮುರುಡೇಶ್ವರಕ್ಕೆ ಹೋಗುವವನಿದ್ದೇನೆ. ಸಲಕರಣೆಗಳೆಲ್ಲ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಹೀಗಿರುವಾಗ ಬದಲಿ ಸಾಮಾನು ಎಂದು ನಾನು ಏನನ್ನಾದರೂ ಕೊಳ್ಳಬೇಕೆ? ಒಬ್ಬ ಗೆಳೆಯ ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಹದಗೊಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರನ್ನೇ ಎರಡನೆಯದೊಂದು ಕೊಳ್ಳುವ ಆಲೋಚನೆಯಲ್ಲಿದ್ದಾನೆ. (ಕುಂಬಳೆಯ ಓದುಗರು)

ಉತ್ತರ: ನಿಮ್ಮ ಗೆಳೆಯರನ್ನು ಸದ್ಯಕ್ಕೆ ತಡೆಯಿರಿ. ಬದಲಿ ಸಾಮಾನು ಎಂಬ ಒಂದೇ ಮಾತಿನಲ್ಲಿ ನಾವು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ನೀರಿನೊಳಗೆ ಮೈಮೇಲೆಯೇ ಇರಬೇಕಾದ ಬದಲಿ ಬೇರೆ, ದೋಣಿಯಲ್ಲಿ ಕೈಗೆ ಸಿಗಬೇಕಾದ ಬದಲಿ ಬೇರೆ, ತಂಗುವ ಕೋಣೆಯಲ್ಲಿದ್ದರೆ ಸಾಕಾಗುವ ಬದಲಿ ಬೇರೆ. ಕೈಕೊಟ್ಟರೆ ಜೀವಕ್ಕೇ ಅಪಾಯವಾಗುವ ವಸ್ತುವಿನ ಬದಲಿ ಮೈಮೇಲಿರಬೇಕು. ರೆಗ್ಯುಲೇಟರಿನ ಎರಡನೆಯ ಬಾಯಿ, ಅಂದರೆ ನಾವು ಆಕ್ಟೋಪಸ್ ಎನ್ನುವ ಹಳದಿ ಮೆದುಗೊಳವೆಯ ತುದಿ, ಆ ಕಾರಣಕ್ಕಾಗಿಯೇ ಪ್ರತಿಯೊಂದು ಬಾಡಿಗೆಯ ಜೋಡಣೆಯಲ್ಲಿಯೂ ಇರುತ್ತದೆ. ಪಕ್ಕದಲ್ಲಿ ಈಜುವ ಜೊತೆಗಾರ ಅದಕ್ಕೂ ಮೇಲಿನ ಆಸರೆ. ಇನ್ನೊಂದು ಇಡೀ ರೆಗ್ಯುಲೇಟರ್ ಪೆಟ್ಟಿಗೆಯಲ್ಲಿದ್ದರೆ ನೀರಿನೊಳಗೆ ಅದರಿಂದ ಯಾವ ಉಪಕಾರವೂ ಇಲ್ಲ, ದೋಣಿಯ ಮೇಲಾದರೆ ಬಾಡಿಗೆಯವರ ಬಳಿಯೇ ಇನ್ನೊಂದು ಇರುತ್ತದೆ.

ನೀವು ಸ್ವಂತಕ್ಕೆ ಕೊಳ್ಳಬೇಕಾದ ಮೊದಲ ವಸ್ತು ಕಣ್ಣು ಮೂಗು ಮುಚ್ಚುವ, ಮುಖಕ್ಕೆ ಸರಿಯಾಗಿ ಕೂರುವ ಗಾಜಿನ ಮಾಸ್ಕ್. ಅದು ಸಿಕ್ಕ ಮೇಲೆ ಅದರದೇ ಒಂದು ಬದಲಿ ಪಟ್ಟಿಯನ್ನು ಕೊಂಡಿಟ್ಟುಕೊಳ್ಳಿ. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಯವರೆಗೆ ಹೋದ ದೋಣಿ ಒಬ್ಬರ ಪಟ್ಟಿ ಹರಿಯಿತೆಂದು ದಡಕ್ಕೆ ಮರಳುವುದಿಲ್ಲ. ಪಟ್ಟಿ ಹರಿದವರು ಉಳಿದವರ ತಲೆ ನೀರಿನಿಂದ ಮೇಲೆ ಬರುವುದನ್ನು ಕಾಯುತ್ತ ತೆರೆಗಳ ಮೇಲೆ ಓಲಾಡುವ ದೋಣಿಯಲ್ಲಿ ಕೂರಬೇಕಾಗುತ್ತದೆ. ನೂರಿನ್ನೂರು ರೂಪಾಯಿಯ ಒಂದು ರಬ್ಬರ್ ತುಂಡಿಗಾಗಿ, ತಿಂಗಳುಗಳಿಂದ ಕೂಡಿಟ್ಟ ಹಣವೂ ರಜೆಯೂ ಕೈಬಿಟ್ಟುಹೋಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ನಾಲ್ವರು ಹೋಗುವಾಗ ನಾಲ್ಕು ಡಬ್ಬಿ ಬೇಡ. ನೀರು ನುಗ್ಗದಂತೆ ಮುಚ್ಚುವ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಸ್ಕಿನ ಪಟ್ಟಿ, ಈಜಲು ಕಾಲಿಗೆ ತೊಡುವ ಫಿನ್ನಿನ ಪಟ್ಟಿ, ಬಾಯಲ್ಲಿ ಕಚ್ಚುವ ಸಿಲಿಕೋನ್ ಮೌತ್‌ಪೀಸ್ ಒಂದೆರಡು, ಅದನ್ನು ಬಿಗಿಯುವ ಜಿಪ್ ಟೈಗಳು, ಟೈ ಕತ್ತರಿಸಲು ಚಿಕ್ಕ ಕಟ್ಟರ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಸಿಲಿಂಡರಿನ ಓ-ರಿಂಗುಗಳು ಹತ್ತು, ಎರಡು ಮೀಟರ್ ನೈಲಾನ್ ದಾರ, ಇಷ್ಟಿದ್ದರೆ ನಾಲ್ವರಿಗೂ ಸಾಲುತ್ತದೆ. ಮಾಸ್ಕಿನದಾಗಲಿ ಫಿನ್ನಿನದಾಗಲಿ ಬಕಲ್ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಪಟ್ಟಿ ಕೊಳ್ಳುವಾಗ ನಿಮ್ಮ ನಿಮ್ಮ ಸಾಮಾನಿಗೆ ತೊಡಿಸಿ ನೋಡಿಯೇ ಕೊಳ್ಳಬೇಕು. ಸ್ವಂತ ಫಿನ್ ಇದ್ದವರು ರಬ್ಬರ್ ಪಟ್ಟಿಯ ಜಾಗದಲ್ಲಿ ಉಕ್ಕಿನ ಸುರುಳಿಯ ಪಟ್ಟಿ ಹಾಕಿಸಿಕೊಂಡರೆ ಆ ಒಂದು ಬದಲಿಯ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ.

ಬಾಡಿಗೆಯ ಸಾಮಾನಿಗೆ ನಿಜವಾದ ಬದಲಿಯೆಂದರೆ ದಡದಲ್ಲಿಯೇ ಮಾಡುವ ಪರೀಕ್ಷೆ. ದೋಣಿ ಹೊರಡುವ ಮೊದಲು ರಬ್ಬರ್ ಪಟ್ಟಿಗಳನ್ನು ಎಳೆದು ಹಿಡಿದು ಬಿರುಕಿದೆಯೇ ನೋಡಿ. ಮೌತ್‌ಪೀಸಿನಲ್ಲಿ ಹಲ್ಲು ಕಚ್ಚುವ ಎರಡು ತುಂಡುಗಳೂ ಉಳಿದಿವೆಯೇ ಎಂದು ಬೆರಳಿನಿಂದ ತಡವಿ ನೋಡಿ. ತೇಲುವುದನ್ನು ಹದಗೊಳಿಸುವ ಜಾಕೆಟ್ಟಿಗೆ ಗಾಳಿ ತುಂಬಿಸುವ ಗುಂಡಿ ಒತ್ತಿ ಬಿಟ್ಟಾಗ ಹಿಂದಕ್ಕೆ ಚಿಮ್ಮುತ್ತದೆಯೇ, ಅಂಟಿಕೊಳ್ಳುತ್ತದೆಯೇ ಗಮನಿಸಿ. ಒತ್ತಡದ ಗೇಜನ್ನು ನೋಡುತ್ತಲೇ ನಾಲ್ಕಾರು ಸಲ ಆಳವಾಗಿ ಉಸಿರೆಳೆಯಿರಿ. ಎಳೆದಾಗಲೆಲ್ಲ ಮುಳ್ಳು ಕೆಳಕ್ಕೆ ಇಳಿದು ಮತ್ತೆ ಏರುತ್ತಿದ್ದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದೇ ಅರ್ಥ ಮಾಡಿಕೊಳ್ಳಬೇಕು. ಇದನ್ನು ನೀರಿನ ಮೇಲೆ ಕಂಡರೆ ಅರೆಕ್ಷಣದ ಕೆಲಸ. ಹತ್ತು ಮೀಟರ್ ಕೆಳಗೆ ಒತ್ತಡ ಇಮ್ಮಡಿಯಾಗಿ, ಒಂದೊಂದು ಉಸಿರಿಗೂ ಇಮ್ಮಡಿ ಗಾಳಿ ಬೇಕಾಗುವಲ್ಲಿ ಅದೇ ದೋಷ ಉಸಿರು ಕಟ್ಟಿಸುತ್ತದೆ.

ಪ್ರಶ್ನೆ: ನಾನು ಅಡಿಕೆ ಕೃಷಿಕ. ಪಂಪ್‌ಸೆಟ್ಟಿನವೂ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರದವೂ ಆದ ಓ-ರಿಂಗುಗಳು, ವಾಷರುಗಳು ನನ್ನಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಮಗ ಡೈವಿಂಗ್ ಕಲಿತು ಈಗ ಸ್ವಂತ ರೆಗ್ಯುಲೇಟರ್ ಕೊಂಡಿದ್ದಾನೆ. ಅಳತೆ ಹೊಂದುವ ರಿಂಗುಗಳನ್ನು ಇದರಿಂದಲೇ ಆರಿಸಿ, ತೆಂಗಿನೆಣ್ಣೆ ಸವರಿ ಕೊಟ್ಟರೆ ಆಗದೆ? (ಬದಿಯಡ್ಕದ ಓದುಗರು)

ಉತ್ತರ: ಆಗದು. ನಿಮ್ಮ ಪ್ರಶ್ನೆಯ ಹಿಂದಿರುವ ತಿಳಿವಳಿಕೆ ಮಾತ್ರ ಈ ಅಂಕಣಕ್ಕೆ ಬಂದ ಉಳಿದೆಲ್ಲ ಪತ್ರಗಳಿಗಿಂತ ಮೇಲಿನದು. ಕೊಳೆರೋಗ ಬರುವ ಮೊದಲು ಮೋಡ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಸಿಂಪಡಣೆ ಮುಗಿಸಬೇಕಾದಾಗ ಐದು ರೂಪಾಯಿಯ ಒಂದು ವಾಷರ್ ಇಲ್ಲದೆ ಕೆಲಸದವರನ್ನು ಕೂರಿಸಿ ಪೇಟೆಗೆ ಓಡಿದವರಿಗೆ, ಚಿಕ್ಕ ಸಾಮಾನಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಎಚ್ಚರವನ್ನು ಮಗನಿಗೆ ಕೊಡಿ, ರಿಂಗುಗಳನ್ನು ಬೇಡ.

ಕಾರಣ ಒತ್ತಡದಲ್ಲಿದೆ. ಕಾರಿನ ಚಕ್ರದಲ್ಲಿ ಸುಮಾರು 2 ಬಾರ್ ಒತ್ತಡದ ಗಾಳಿ ಇರುತ್ತದೆ. ತುಂಬಿದ ಡೈವಿಂಗ್ ಸಿಲಿಂಡರಿನಲ್ಲಿರುವುದು ಸುಮಾರು 200 ಬಾರ್. ಸಿಂಪಡಣೆಯ ಯಂತ್ರ ಇದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಯೋಕ್ ಎನ್ನುವ ಹಿಡಿಕೆಯಿಂದ ರೆಗ್ಯುಲೇಟರನ್ನು ಬಿಗಿಯುವ ಕವಾಟದ ಬಾಯಲ್ಲಿ ಕೂರುವ ಓ-ರಿಂಗಿನ ಅಳತೆಯ ಸಂಖ್ಯೆ 014. ಅದರ ಒಳವ್ಯಾಸ 12.42 ಮಿಲಿಮೀಟರ್, ದಪ್ಪ 1.78 ಮಿಲಿಮೀಟರ್. ನಿಮ್ಮ ಪೆಟ್ಟಿಗೆಯಲ್ಲಿ 12 ಮಿಲಿಮೀಟರ್ ಒಳವ್ಯಾಸದ, 2 ಮಿಲಿಮೀಟರ್ ದಪ್ಪದ ರಿಂಗ್ ಇದ್ದೀತು. ಬೆರಳಿಗೆ ಎರಡೂ ಒಂದೇ ಎನಿಸೀತು, ತೋಡಿನಲ್ಲಿ ಕೂತೂ ಬಿಟ್ಟೀತು. ಆದರೆ ಕವಾಟ ತೆರೆದ ಕೂಡಲೇ ಗಾಳಿ ಅದನ್ನು ಲೋಹಗಳ ನಡುವಿನ ಸಂದಿಗೆ ಹಿಂಡಿ ಹೊರಚೆಲ್ಲಿಬಿಡಬಹುದು. ಅಳತೆ ಒಂದಾದರೂ ಗಡಸುತನ ಒಂದಾಗಿರಬೇಕೆಂದಿಲ್ಲ. ರಬ್ಬರಿನ ಗಡಸು ಅಳೆಯುವ ಶೋರ್ ಎ ಮಾನದಲ್ಲಿ ಸಾಮಾನ್ಯ ಯಂತ್ರಗಳ ರಿಂಗುಗಳು ಹೆಚ್ಚಾಗಿ 70ರ ಗಡಸಿನವು, ಸಿಲಿಂಡರಿನ ಕವಾಟಕ್ಕೆ ಬೇಕಾದದ್ದು 90ರದು. ಇದರ ಮೇಲೆ, ಮೈಲುತುತ್ತ ಮತ್ತು ಸುಣ್ಣದ ಪುಡಿ ತಾಗಿದ ಪೆಟ್ಟಿಗೆಯಿಂದ ತೆಗೆದ ರಿಂಗನ್ನು ಉಸಿರಾಡುವ ಗಾಳಿಯ ದಾರಿಯಲ್ಲಿ ಕೂರಿಸುವುದು ಯಾವ ರೀತಿಯಲ್ಲಿಯೂ ಒಪ್ಪತಕ್ಕದ್ದಲ್ಲ. ಒಂದು ಕಣ ಮರಳಿಗೆ ಸೋರುವ ರಿಂಗು, ಒಂದು ಕಣ ಸುಣ್ಣಕ್ಕೂ ಸೋರುತ್ತದೆ.

ತೆಂಗಿನೆಣ್ಣೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ನಮ್ಮೂರಿನಲ್ಲಿ ಬಾಗಿಲಿನ ಕೀಲಿನಿಂದ ಹಿಡಿದು ಕತ್ತಿಯ ಅಲಗಿನವರೆಗೆ ಎಲ್ಲಕ್ಕೂ ಅದೇ ಔಷಧಿ ಎಂಬುದು ನಿಜ. ಆದರೆ ಒತ್ತಡ ಹೆಚ್ಚಿರುವ ಗಾಳಿ, ಅದರಲ್ಲಿಯೂ ನೈಟ್ರಾಕ್ಸ್‌ನಂತೆ ಆಮ್ಲಜನಕ ಹೆಚ್ಚು ಬೆರೆತ ಗಾಳಿ, ಎಣ್ಣೆಯ ಪಸೆಯೊಂದಿಗೆ ಸೇರಿ ಕವಾಟವನ್ನು ಥಟ್ಟನೆ ತೆರೆದಾಗ ಹುಟ್ಟುವ ಬಿಸಿಗೆ ಹೊತ್ತಿಕೊಳ್ಳುವ ಅಪಾಯವಿದೆ. ರೆಗ್ಯುಲೇಟರಿನ ಕೆಲವು ರಿಂಗುಗಳು ಎಣ್ಣೆ ತಾಗಿದರೆ ಊದಿಕೊಳ್ಳುವ ಬಗೆಯ ರಬ್ಬರಿನಿಂದ ಆದವು. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಕಮಟಿ ಅಂಟಾಗುತ್ತದೆ. ಡೈವಿಂಗಿಗೆಂದೇ ಮಾರುವ ಸಿಲಿಕೋನ್ ಗ್ರೀಸಿನ ಚಿಕ್ಕ ಕೊಳವೆಯೊಂದು ವರ್ಷಗಟ್ಟಲೆ ಬರುತ್ತದೆ. ರಿಂಗು ಮಿನುಗುವಷ್ಟು ಮಾತ್ರ ಸವರಬೇಕು, ಮೆತ್ತಬಾರದು. ನೈಟ್ರಾಕ್ಸ್ ಬಳಸುವವರು ತಮ್ಮ ಸಾಮಾನಿಗೆ ಯಾವ ಗ್ರೀಸ್ ಎಂಬುದನ್ನು ಸರ್ವಿಸ್ ಮಾಡುವವರಿಂದಲೇ ಕೇಳಿ ತಿಳಿಯಬೇಕು.

ಮಗನ ಡಬ್ಬಿಗೆ 014 ಸಂಖ್ಯೆಯ, 90ರ ಗಡಸಿನ ರಿಂಗುಗಳನ್ನು ಒಂದು ಡಜನ್ ಕೊಳ್ಳಿ. ರೆಗ್ಯುಲೇಟರ್ ತಿರುಪಿ ಕೂರಿಸುವ ಡಿನ್ ಬಗೆಯದಾದರೆ ರಿಂಗು ಸಿಲಿಂಡರಿನಲ್ಲಿರದೆ ರೆಗ್ಯುಲೇಟರಿನ ತುದಿಯಲ್ಲಿಯೇ ಇರುವುದರಿಂದ ಅದರ ಸಂಖ್ಯೆ ಬೇರೆ, ಸಾಮಾನ್ಯವಾಗಿ 112. ಹಳೆಯ ರಿಂಗನ್ನು ಉಕ್ಕಿನ ಸೂಜಿಯಿಂದ ಕೆದಕಿ ತೆಗೆಯಬಾರದು. ತೋಡಿಗೆ ಗೀರು ಬಿದ್ದರೆ ಆಮೇಲೆ ಯಾವ ಹೊಸ ರಿಂಗೂ ಅದನ್ನು ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಮೊಂಡು ಕಡ್ಡಿ ಸಾಕು. ಅದಿಲ್ಲದ ದಿನ ನಾನು ಹಿಡಿಸೂಡಿಯ ಕಡ್ಡಿಯೊಂದನ್ನು ಚೂಪು ಮಾಡಿ ಕೆಲಸ ತೆಗೆದಿದ್ದೇನೆ, ಅದರ ನಾರು ತೋಡಿನಲ್ಲಿ ಉಳಿದಿಲ್ಲವೆಂದು ದೀಪ ಹಿಡಿದು ನೋಡಿಕೊಂಡ ಮೇಲೆಯೇ ಹೊಸದನ್ನು ಕೂರಿಸಿದ್ದೇನೆ. ಗೇಜಿನ ಕುತ್ತಿಗೆಯಿಂದ ಸಣ್ಣ ಗುಳ್ಳೆಗಳ ಎಳೆ ಏಳುವುದು ಹಲವರು ಕಾಣುವ ದೋಷ; ಅದರೊಳಗಿನ ಪುಟ್ಟ ಕೊಳವೆಯನ್ನು ರಿಂಗುಗಳ ಸಮೇತ ಬದಲಿಯಾಗಿ ಇಟ್ಟುಕೊಂಡರೆ ಎರಡು ಸ್ಪ್ಯಾನರಿನಲ್ಲಿ ಐದು ನಿಮಿಷದ ಕೆಲಸ. ಆದರೆ ಸಿಲಿಂಡರನ್ನು ಮುಚ್ಚಿ, ಒಳಗೆ ಉಳಿದ ಗಾಳಿಯನ್ನೆಲ್ಲ ಹೊರಬಿಟ್ಟು, ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಮಾತ್ರ ಸ್ಪ್ಯಾನರ್ ಮುಟ್ಟಬೇಕು. ಸಿಲಿಂಡರಿಗೆ ಕೂರುವ ಭಾಗವಾದ ರೆಗ್ಯುಲೇಟರಿನ ಮೊದಲ ಹಂತದ ಒಡಲನ್ನು ದೋಣಿಯಲ್ಲಾಗಲಿ ಮನೆಯಲ್ಲಾಗಲಿ ಬಿಚ್ಚಬಾರದು. ನಿಮಗೆ ಯಂತ್ರ ಬಿಚ್ಚಿ ಜೋಡಿಸುವ ಕೈಚಳಕ ಎಷ್ಟಿದ್ದರೂ ಇದೊಂದನ್ನು ತರಬೇತಿ ಪಡೆದವರಿಗೆ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಕನ್ನಡಕದ ನಂಬರ್ ಎರಡು ಕಣ್ಣಿಗೂ ಮೈನಸ್ 4.5. ಪವರ್ ಇರುವ ಗಾಜು ಹಾಕಿಸಿದ ಒಂದು ಮಾಸ್ಕ್ ಇದೆ. ಬದಲಿಗೆ ಸಾಧಾರಣ ಮಾಸ್ಕ್ ಒಂದನ್ನು ಇಟ್ಟುಕೊಂಡರೆ ಸಾಕಲ್ಲವೆ? (ಮುಳ್ಳೇರಿಯದ ಓದುಗರು, ಅಧ್ಯಾಪಕಿ)

ಉತ್ತರ: ಸಾಲದು. ಬದಲಿ ಮಾಸ್ಕ್ ಎಂಬುದು ಯಾರಿಗಾದರೂ ಅನಿವಾರ್ಯವಾದರೆ ಅದು ನಿಮ್ಮಂಥವರಿಗೆ. ನೀರಿನೊಳಗೆ ವಸ್ತುಗಳು ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿ, ಕಾಲು ಪಾಲಿನಷ್ಟು ಹತ್ತಿರವಾಗಿ ಕಾಣುವುದರಿಂದ ಒಂದೋ ಒಂದೂವರೆಯೋ ನಂಬರಿನವರು ಸಾಧಾರಣ ಗಾಜಿನಲ್ಲಿಯೂ ಹೇಗೋ ನಿಭಾಯಿಸಿಕೊಳ್ಳುತ್ತಾರೆ. ನಾಲ್ಕೂವರೆಯಲ್ಲಿ ಹಾಗಾಗದು. ಹವಳದ ಬಣ್ಣ ಕಾಣದಿದ್ದರೆ ಸಂತೋಷ ಮಾತ್ರ ಕಡಿಮೆಯಾದೀತು. ಜೊತೆಗಾರನ ಕೈಸನ್ನೆ, ದೂರದಲ್ಲಿರುವ ಲಂಗರಿನ ಹಗ್ಗ, ಮೇಲೆ ತೇಲುವ ದೋಣಿ ಮಸುಕಾದರೆ ಸುರಕ್ಷತೆಯೇ ಹೋಯಿತು. ಮಾಸ್ಕಿಗೆ ಸಿದ್ಧವಾಗಿ ಸಿಗುವ ಗಾಜುಗಳು ಸಾಮಾನ್ಯವಾಗಿ ಅರ್ಧರ್ಧ ನಂಬರಿನ ಅಂತರದಲ್ಲಿರುತ್ತವೆ. ಆದ್ದರಿಂದ ನಿಮ್ಮದೇ ಮಾದರಿಯ ಎರಡನೆಯ ಮಾಸ್ಕನ್ನು ಅದೇ ಪವರಿನಲ್ಲಿ ಕೊಳ್ಳಿ. ವೆಚ್ಚ ಹೆಚ್ಚೆನಿಸಿದರೆ ಹಣ ಒದಗಿದಾಗ ಕೊಳ್ಳಿ, ಆದರೆ ಕ್ಯಾಮೆರಾಕ್ಕಿಂತ ಮೊದಲು ಕೊಳ್ಳಿ. ಅದು ಬರುವವರೆಗೆ ಒಂದು ದಿನ ಬಳಸಿ ಎಸೆಯುವ ಮೃದು ಕಾಂಟ್ಯಾಕ್ಟ್ ಲೆನ್ಸುಗಳನ್ನು, ಕಣ್ಣಿನ ವೈದ್ಯರು ಒಪ್ಪಿದರೆ, ಡಬ್ಬಿಯಲ್ಲಿಟ್ಟು ಸಾಧಾರಣ ಮಾಸ್ಕಿನೊಂದಿಗೆ ಬಳಸಬಹುದು; ನೀರಿಗಿಳಿದ ಲೆನ್ಸನ್ನು ಮರುದಿನಕ್ಕೆ ಉಳಿಸಬಾರದು.

ನನ್ನ ಅನುಭವವೊಂದನ್ನು ಇಲ್ಲಿ ಹೇಳಲೇಬೇಕು. ಮೂರು ವರ್ಷ ಚೀಲದ ತಳದಲ್ಲಿ ಪ್ರಯಾಣ ಮಾಡಿದ ನನ್ನ ಬದಲಿ ಮಾಸ್ಕ್ ಒಂದು ಬೆಳಗ್ಗೆ ಬೇಕಾಯಿತು. ಹೊಸ ಗಾಜಿನ ಮೇಲೆ ತಯಾರಿಕೆಯಲ್ಲಿ ಉಳಿಯುವ ಸಿಲಿಕೋನಿನ ತೆಳು ಪೊರೆಯನ್ನು ನಾನು ಉಜ್ಜಿ ತೆಗೆದಿರಲಿಲ್ಲವಾದ್ದರಿಂದ ಇಳಿದ ಎರಡು ನಿಮಿಷಕ್ಕೆ ಗಾಜು ಪೂರ್ತಿ ಮಂಜಾಯಿತು, ಮೂಗಿನ ಬಳಿಯ ಅಂಚು ನೀರು ಬಿಡತೊಡಗಿತು, ಆ ದಿನದ ಮುಳುಗು ಅಲ್ಲಿಗೇ ಮುಗಿಯಿತು. ಪರೀಕ್ಷಿಸದೆ ಇಟ್ಟ ಬದಲಿಯನ್ನು ಅಂದಿನಿಂದ ನಾನು ಬದಲಿಯೆಂದು ಎಣಿಸುತ್ತಿಲ್ಲ. ನೀವು ಹೊಸ ಮಾಸ್ಕಿನ ಒಳಗಾಜನ್ನು ಬಿಳಿಯ ಟೂತ್‌ಪೇಸ್ಟಿನಿಂದ ಬೆರಳಿನಲ್ಲಿಯೇ ಎರಡು ಮೂರು ಸಲ ತಿಕ್ಕಿ ತೊಳೆದು, ಮನೆಯ ನೀರಿನ ತೊಟ್ಟಿಯಲ್ಲಿ ಮುಖವಿಟ್ಟು ಹತ್ತು ನಿಮಿಷ ನೋಡಿ. ಮುಖವಿಟ್ಟು ನೋಡಿ ಎಂದೇ ಹೇಳುತ್ತಿದ್ದೇನೆ. ಸಿಲಿಂಡರ್ ಕಟ್ಟಿಕೊಂಡು ತೋಟದ ಕೆರೆಗೆ ಒಬ್ಬರೇ ಇಳಿಯುವುದು ಬೇಡವೇ ಬೇಡ, ಉಸಿರು ಬಿಗಿಹಿಡಿದು ಮೇಲೇರಿದರೆ ಒಂದೂವರೆ ಮೀಟರ್ ಆಳವೂ ಶ್ವಾಸಕೋಶವನ್ನು ಹರಿಯಬಲ್ಲದು.

ಪ್ರಶ್ನೆ: ಜನವರಿಯಲ್ಲಿ ಕೊಚ್ಚಿಯಿಂದ ವಿಮಾನದಲ್ಲಿ ಲಕ್ಷದ್ವೀಪದ ಅಗತ್ತಿಗೆ ಹೋಗುವವರಿದ್ದೇವೆ. ದ್ವೀಪದಲ್ಲಿ ಅಂಗಡಿಯ ಆಸೆ ಇಲ್ಲ. ಬ್ಯಾಟರಿ, ಸ್ಪ್ಯಾನರ್, ಚಾಕು ಇವನ್ನೆಲ್ಲ ಹೇಗೆ ಹಂಚಿ ಕಟ್ಟಬೇಕು? ನನ್ನ ರೆಗ್ಯುಲೇಟರ್ ಡಿನ್ ಬಗೆಯದು. (ಉಪ್ಪಳದ ಓದುಗರು)

ಉತ್ತರ: ಮುರುಡೇಶ್ವರಕ್ಕೆ ಹೋಗುವಾಗ ಮರೆತದ್ದನ್ನು ಮಂಗಳೂರಿನಲ್ಲಿಯೋ ಉಡುಪಿಯಲ್ಲಿಯೋ ಇಳಿದು ಕೊಳ್ಳಬಹುದು. ಲಕ್ಷದ್ವೀಪಕ್ಕೆ ಕೊಚ್ಚಿ ಬಿಟ್ಟ ಮೇಲೆ ಮರೆತದ್ದು ಮರೆತದ್ದೇ. ಆದ್ದರಿಂದ ಕೋಣೆಯ ಡಬ್ಬಿ ಈ ಪ್ರವಾಸದಲ್ಲಿ ಸ್ವಲ್ಪ ದೊಡ್ಡದಾಗಬೇಕು. ಆದರೆ ಅಲ್ಲಿಗೆ ಹಾರುವ ವಿಮಾನ ಚಿಕ್ಕದು, ಸಾಮಾನಿನ ತೂಕದ ಮಿತಿ ಬಿಗಿ. ಟಿಕೆಟಿನಲ್ಲಿ ಬರೆದ ಮಿತಿಯನ್ನು ಓದಿಕೊಂಡು, ಮನೆಯಲ್ಲಿಯೇ ತೂಗಿ ಹೊರಡಿ.

ಹಂಚುವ ನಿಯಮ ಒಂದೇ: ಅಲ್ಲಿ ಬಾಡಿಗೆಗೆ ಸಿಗದಿರುವುದು ಮತ್ತು ಪೆಟ್ಟು ತಾಳದಿರುವುದು ಕೈಚೀಲದಲ್ಲಿ, ಉಳಿದದ್ದು ಒಪ್ಪಿಸುವ ಪೆಟ್ಟಿಗೆಯಲ್ಲಿ. ರೆಗ್ಯುಲೇಟರ್, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಲೆಕ್ಕ ಹಾಕಿ ತೋರಿಸುವ ಡೈವ್ ಕಂಪ್ಯೂಟರ್, ಪವರ್ ಇರುವ ಮಾಸ್ಕ್ ಕೈಚೀಲಕ್ಕೆ ಸೇರಬೇಕು. ಲಿಥಿಯಂ ಬ್ಯಾಟರಿಗಳು ಬಿಡಿಯಾಗಿದ್ದರೆ ಅವುಗಳೂ ಪವರ್ ಬ್ಯಾಂಕೂ ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿಡಲು ವಿಮಾನಯಾನದ ನಿಯಮ ಒಪ್ಪುವುದಿಲ್ಲ; 100 ವ್ಯಾಟ್ ಅವರ್ ಮೀರಿದವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದವನ್ನು ಒಯ್ಯುವಂತೆಯೇ ಇಲ್ಲ. ಒಂದೊಂದು ಬ್ಯಾಟರಿಯ ತುದಿಗೂ ಟೇಪು ಅಂಟಿಸಿ ಬೇರೆ ಬೇರೆ ಚೀಲದಲ್ಲಿಡಿ. ಡೈವಿಂಗಿನ ಟಾರ್ಚ್ ನೀರಿನ ಹೊರಗೆ ಹೊತ್ತಿಕೊಂಡೇ ಇದ್ದರೆ ಸುಡುವಷ್ಟು ಬಿಸಿಯಾಗುವುದರಿಂದ ಅದರ ಬ್ಯಾಟರಿಯನ್ನು ತೆಗೆದೇ ಒಯ್ಯಬೇಕು. ಚಾಕು, ಕತ್ತರಿ, ಸ್ಪ್ಯಾನರ್, ಅಲೆನ್ ಕೀ ಇವೆಲ್ಲ ಪೆಟ್ಟಿಗೆಯಲ್ಲಿ. ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪಾದ ವೆಟ್ ಸೂಟ್ ಹರಿದರೆ ಅಂಟಿಸುವ ಗೋಂದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅದು ಎರಡರಲ್ಲಿಯೂ ಸಲ್ಲದು. ದಪ್ಪ ಸೂಜಿ ಮತ್ತು ನೈಲಾನ್ ನೂಲು ಒಯ್ಯಿರಿ.

ನಿಮ್ಮ ರೆಗ್ಯುಲೇಟರಿನ ಬಗೆಯನ್ನು ಅಲ್ಲಿನ ಡೈವ್ ಕೇಂದ್ರಕ್ಕೆ ಮುಂಚಿತವಾಗಿ ಬರೆದು ಕೇಳಿ, ಉತ್ತರ ಏನೇ ಬಂದರೂ, ಡಿನ್ ರೆಗ್ಯುಲೇಟರನ್ನು ಯೋಕ್ ಬಗೆಯ ಕವಾಟಕ್ಕೆ ಕೂರಿಸುವ ಯೋಕ್ ಅಡಾಪ್ಟರ್ ಒಂದನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಕೆಲವು ಸಿಲಿಂಡರುಗಳ ಕವಾಟದೊಳಗೆ ಬಿಚ್ಚಿ ತೆಗೆಯಬಹುದಾದ ತಿರುಪಿನ ತುಂಡು ಇದ್ದು, ಅದನ್ನು ತೆಗೆದರೆ ಡಿನ್ ನೇರವಾಗಿ ಕೂರುತ್ತದೆ. ಅದಕ್ಕೆ ಬೇಕಾದ ದಪ್ಪ ಅಲೆನ್ ಕೀ ಬೇಕಾದ ಹೊತ್ತಿಗೆ ದೋಣಿಯಲ್ಲಿ ಸಿಕ್ಕದೆ ಹೋಗುವುದೇ ಹೆಚ್ಚು. ಹೊರಡುವ ಮುನ್ನ ರೆಗ್ಯುಲೇಟರನ್ನು ಸರ್ವಿಸಿಗೆ ಕೊಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಸರ್ವಿಸ್ ಆಗಿ ಬಂದ ಮರುವಾರದಲ್ಲಿಯೇ ಕೈಕೊಡುವ ರೆಗ್ಯುಲೇಟರುಗಳು ಅಪರೂಪವಲ್ಲ. ಹೊಸ ಬಿಡಿಭಾಗಗಳು ಕೂತುಕೊಳ್ಳಲು ಹೊತ್ತು ಬೇಕು, ಬಿಗಿಯುವ ಕೈ ತಪ್ಪಿರಲೂಬಹುದು. ಡಿಸೆಂಬರಿನಲ್ಲಿಯೇ ಸರ್ವಿಸ್ ಮುಗಿಸಿ, ನೇತ್ರಾಣಿಯಲ್ಲೋ ತರಬೇತಿಯ ಕೊಳದಲ್ಲೋ ಒಮ್ಮೆ ಉಸಿರಾಡಿ ನೋಡಿ, ಆಮೇಲೆ ದ್ವೀಪಕ್ಕೆ ಒಯ್ಯಿರಿ.

ಪ್ರಶ್ನೆ: ಕಳೆದ ಪ್ರವಾಸದ ಎರಡನೆಯ ದಿನ ನನ್ನ ಡೈವ್ ಕಂಪ್ಯೂಟರಿನ ಬ್ಯಾಟರಿ ಸತ್ತಿತು. ಅಂದು ನೀರಿಗಿಳಿಯದಿದ್ದ ಗೆಳತಿಯೊಬ್ಬಳು ತನ್ನದನ್ನು ಕೊಟ್ಟಳು, ಮುಂದಿನ ಮುಳುಗು ಮಾಡಿದೆ. ಅದು ತಪ್ಪೇ? (ನೀಲೇಶ್ವರದ ಓದುಗರು)

ಉತ್ತರ: ತಪ್ಪು. ಕಂಪ್ಯೂಟರ್ ಎಣಿಸುವುದು ಅದನ್ನು ಕಟ್ಟಿಕೊಂಡ ಮೈಯಲ್ಲಿ ಕರಗಿ ಉಳಿದಿರುವ ಸಾರಜನಕವನ್ನು; ಅದು ಮಿತಿ ಮೀರಿದರೆ ಮೇಲೇರುವಾಗ ಮೈಯೊಳಗೆ ಗುಳ್ಳೆಗಳಾಗಿ ಅಪಾಯ ತರುತ್ತದೆ. ಗೆಳತಿಯ ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಅಂದು ನೀರನ್ನೇ ಮುಟ್ಟಿರಲಿಲ್ಲ; ನಿಮ್ಮ ದೇಹದ ಲೆಕ್ಕದಲ್ಲಿ ಆಗಲೇ ಎರಡು ದಿನದ ಮುಳುಗುಗಳಿದ್ದವು. ಅದು ತೋರಿಸಿದ ನಿಮಿಷಗಳು ನಿಮಗೆ ಸಲ್ಲುವುದಕ್ಕಿಂತ ಹೆಚ್ಚಿನವಾಗಿದ್ದವು. ಹೀಗಾದಾಗ ರೂಢಿಯ ನಿಯಮವೆಂದರೆ 24 ಗಂಟೆ ನೀರಿಗಿಳಿಯದಿದ್ದು, ಆಮೇಲೆ ಬೇರೆ ಕಂಪ್ಯೂಟರಿನಿಂದ ಹೊಸದಾಗಿ ಆರಂಭಿಸುವುದು. ಮೊದಲ ಮುಳುಗಿನಿಂದಲೇ ಎರಡನ್ನೂ ಮೈಮೇಲೆ ಕಟ್ಟಿಕೊಂಡಿದ್ದರೆ ಮಾತ್ರ ಎರಡನೆಯ ಕಂಪ್ಯೂಟರ್ ನಿಜವಾದ ಬದಲಿ. ಹಲವು ಕಂಪ್ಯೂಟರುಗಳಲ್ಲಿ ಬಳಸುವವರೇ ಬದಲಾಯಿಸಬಹುದಾದ ಸಿಆರ್ 2450ರಂಥ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಅದರೊಂದಿಗೆ ಮುಚ್ಚಳದ ಓ-ರಿಂಗನ್ನೂ ಬದಲಿಯಾಗಿ ಇಟ್ಟುಕೊಳ್ಳಿ. ಆದರೆ ಕೆಲವು ಮಾದರಿಗಳು ಬ್ಯಾಟರಿ ತೆಗೆದ ಕೂಡಲೇ ಹಿಂದಿನ ಮುಳುಗುಗಳ ಸಾರಜನಕದ ಲೆಕ್ಕವನ್ನು ಮರೆತುಬಿಡುತ್ತವೆ. ಪ್ರವಾಸದ ನಡುವೆ ಬದಲಾಯಿಸುವ ಮೊದಲು ಕೈಪಿಡಿ ಓದಬೇಕು, ಎಲ್ಲಕ್ಕಿಂತ ಒಳ್ಳೆಯದು ಮನೆಯಿಂದ ಹೊರಡುವಾಗಲೇ ಹೊಸದನ್ನು ಹಾಕಿಕೊಳ್ಳುವುದು. ವಿಮಾನ ಹತ್ತುವ ಲೆಕ್ಕವೂ ಇದಕ್ಕೆ ಹೊಂದಿಕೊಂಡಿದೆ. ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವು ಮುಳುಗು ಅಥವಾ ಹಲವು ದಿನಗಳಾದರೆ ಕನಿಷ್ಠ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು.

ಪ್ರಶ್ನೆ: ಕೈಪಂಪಿನಿಂದ ತುಂಬಿಸಿಕೊಳ್ಳಬಹುದಾದ ಅರ್ಧ ಲೀಟರಿನ ಪುಟ್ಟ ಸಿಲಿಂಡರೊಂದನ್ನು ಆನ್‌ಲೈನಿನಲ್ಲಿ ಕಂಡೆ. ತುರ್ತಿಗೆ ಬದಲಿ ಗಾಳಿಯಾಗಿ ಒಯ್ಯಬಹುದೇ? (ಮಂಜೇಶ್ವರದ ಓದುಗರು)

ಉತ್ತರ: ಲೆಕ್ಕ ಹಾಕಿ ನೋಡೋಣ. ಅರ್ಧ ಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿದರೆ ಸಿಗುವುದು ನೂರು ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. ಗಾಬರಿಯಾದವರು ಅದರ ಇಮ್ಮಡಿ ಎಳೆಯುತ್ತಾರೆ. ಅಲ್ಲಿಗೆ ಒಂದು ನಿಮಿಷವೂ ಬಾರದು. 20 ಮೀಟರಿನಿಂದ ನಿಮಿಷಕ್ಕೆ 9 ಮೀಟರಿನಂತೆ ಏರಲು ಎರಡು ನಿಮಿಷಕ್ಕೂ ಮಿಕ್ಕಿ ಬೇಕು. ಕೈಪಂಪಿನ ಗಾಳಿಯಲ್ಲಿ ತೇವವೂ ಎಣ್ಣೆಯ ಅಂಶವೂ ಉಳಿಯಬಹುದಾದ ಭಯ ಬೇರೆ. ಅದೇ ಹಣದಲ್ಲಿ, ಏರುವ ಮುನ್ನ ನೀರಿನ ಮೇಲಕ್ಕೆ ಬಿಡುವ ಕಿತ್ತಳೆ ಬಣ್ಣದ ಗುರುತಿನ ಬುರುಡೆ, ಅದರ ದಾರದ ಸುರುಳಿ, ಒಂದು ಸೀಟಿ ಕೊಳ್ಳಿ. ಕೈಬಿಟ್ಟ ಬಲೆಗಳು ತೇಲುವ ನಮ್ಮ ಕಡಲಿನಲ್ಲಿ ಎರಡು ಕಡೆ ಎರಡು ಕತ್ತರಿಸುವ ಸಾಧನಗಳಿರಲಿ, ಒಂದು ಬಲಗೈಗೂ ಒಂದು ಎಡಗೈಗೂ ಎಟುಕುವಂತೆ. ನಿಮ್ಮ ಬದಲಿ ಗಾಳಿ ಜೊತೆಗಾರನ ಬೆನ್ನಿನಲ್ಲಿದೆ. ಪ್ರವಾಸದ ಮೊದಲ ಮುಳುಗಿನಲ್ಲಿ ಐದು ಮೀಟರ್ ಆಳದಲ್ಲಿ ನಿಂತು ಅವರ ಆಕ್ಟೋಪಸಿನಿಂದ ಉಸಿರಾಡುವ ಅಭ್ಯಾಸವನ್ನು ಇಬ್ಬರೂ ಒಮ್ಮೆ ಮಾಡಿಕೊಳ್ಳಿ.

ಪ್ರಶ್ನೆ: ಜೂನಿನಿಂದ ಸೆಪ್ಟೆಂಬರಿನವರೆಗೆ ಸಾಮಾನೆಲ್ಲ ಮನೆಯಲ್ಲಿಯೇ ಇರುತ್ತದೆ. ಕಳೆದ ಬಾರಿ ಹೊರತೆಗೆದಾಗ ಪಟ್ಟಿಗಳೆಲ್ಲ ಅಂಟಂಟಾಗಿದ್ದವು. ಬದಲಿಗೆಂದು ಇಟ್ಟವೂ ಹಾಳಾಗಿದ್ದವು. (ಪೆರ್ಲದ ಓದುಗರು)

ಉತ್ತರ: ನಮ್ಮ ಮಳೆಗಾಲದಲ್ಲಿ ಹಪ್ಪಳ ಉಳಿಸುವ ಜಾಣ್ಮೆಯೇ ಇಲ್ಲಿಯೂ ಬೇಕು. ಕೊನೆಯ ಪ್ರವಾಸದಿಂದ ಬಂದ ದಿನವೇ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ, ಜಾಕೆಟ್ಟಿನ ಒಳಗೂ ನೀರು ಹಾಕಿ ಕುಲುಕಿ ಚೆಲ್ಲಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಅಡಿಕೆ ಹರಡುವ ಅಂಗಳದ ಬಿಸಿಲು ರಬ್ಬರಿಗೂ ವೆಟ್ ಸೂಟಿಗೂ ಶತ್ರು. ಪಂಪ್ ಶೆಡ್ಡಿನಲ್ಲಿ ಇಡಬೇಡಿ. ಓಡುವ ವಿದ್ಯುತ್ ಮೋಟಾರಿನಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ, ಡೀಸೆಲ್ ಆವಿ ಅದನ್ನು ಮೆತ್ತಗಾಗಿಸುತ್ತದೆ. ರೆಗ್ಯುಲೇಟರಿನ ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಳಗೆ ಜಿರಳೆ ಮನೆ ಮಾಡಿಕೊಂಡದ್ದು ಉಸಿರೆಳೆದಾಗ ತಿಳಿಯಬಾರದು. ಬದಲಿ ಪಟ್ಟಿ ಮತ್ತು ಓ-ರಿಂಗುಗಳನ್ನು ಎಳೆಯದೆ, ಮಡಚದೆ, ಒಂದಕ್ಕೊಂದು ತಾಗದಂತೆ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಳಕೋಣೆಯ ಕಪಾಟಿನಲ್ಲಿ ಇರಿಸಿ. ಬ್ಯಾಟರಿಗಳನ್ನು ಟಾರ್ಚಿನಿಂದ ತೆಗೆದಿಡಿ. ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಡಬ್ಬಿ ತೆರೆದು ಪ್ರತಿಯೊಂದು ರಿಂಗನ್ನೂ ಬೆರಳುಗಳ ನಡುವೆ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ, ಬಿರುಕು ಕಂಡದ್ದನ್ನು ಅಲ್ಲಿಯೇ ಕತ್ತರಿಸಿ ಎಸೆಯಿರಿ. ಕತ್ತರಿಸದೆ ಎಸೆದದ್ದು ಹೇಗೋ ಮತ್ತೆ ಡಬ್ಬಿ ಸೇರುತ್ತದೆ. ಕೊಂಡ ತಿಂಗಳು ಮತ್ತು ವರ್ಷವನ್ನು ಪೊಟ್ಟಣದ ಮೇಲೆ ಅಳಿಯದ ಶಾಯಿಯಲ್ಲಿ ಬರೆದಿಟ್ಟರೆ ಯಾವುದನ್ನು ಮೊದಲು ಬಳಸಬೇಕೆಂಬುದು ದೋಣಿಯಲ್ಲಿ ಮತ್ತೊಬ್ಬರಿಗೂ ತಿಳಿಯುತ್ತದೆ.